ಫೋಟೋಕ್ಯಾಟಲಿಟಿಕ್ ಕೋಟಿಂಗ್: ಯಾವ ಟೆಸ್ಟ್ ರಿಪೋರ್ಟ್ ನಂಬಬೇಕು, ಯಾವ ಜಾಗಕ್ಕೆ ಯಾವುದು ಆರಿಸಬೇಕು

ಫೋಟೋಕ್ಯಾಟಲಿಟಿಕ್ ಕೋಟಿಂಗ್ ಅಂದರೆ ಬೆಳಕು ಬಿದ್ದಾಗ ತನ್ನ ಮೇಲೆ ಕೂತ ಜಿಡ್ಡು, ಅನಿಲ, ಬ್ಯಾಕ್ಟೀರಿಯಾಗಳನ್ನು ಒಡೆಯುವ ತೆಳು ಪದರ. ಅದನ್ನು ಮಾರುವ ಎರಡು ಕಂಪನಿಗಳ ಬ್ರೋಷರ್ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಎರಡರಲ್ಲೂ ಶೇ 99 ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಒಂದರಲ್ಲಿ ಅದು ಸತ್ತ ಬ್ಯಾಕ್ಟೀರಿಯಾದ ಲೆಕ್ಕ. ಇನ್ನೊಂದರಲ್ಲಿ ನೀಲಿ ಡೈ ಬಣ್ಣ ಕಳೆದುಕೊಂಡ ಲೆಕ್ಕ. ಮೊದಲನೆಯದನ್ನು ಯುವಿ (ಅತಿನೇರಳೆ) ದೀಪದ ಕೆಳಗೆ ಎಂಟು ಗಂಟೆ ಇಟ್ಟು ಅಳೆದಿದ್ದಾರೆ, ಎರಡನೆಯದಕ್ಕೆ ಯಾವ ದೀಪ, ಎಷ್ಟು ಹೊತ್ತು ಅನ್ನುವುದನ್ನೇ ಬರೆದಿಲ್ಲ. ಯಾವುದು ಮೇಲು ಅಂತ ಯಾರೂ ಹೇಳಲಾರರು. ಅಳೆದಿರುವುದೇ ಬೇರೆ ಬೇರೆ ಅಲ್ವಾ.

ಅದಕ್ಕೇ ಕೋಟಿಂಗ್‌ಗಳನ್ನು ಹೋಲಿಸುವ ಮೊದಲು ಟೆಸ್ಟ್‌ಗಳನ್ನು ಹೋಲಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಬೆಳಕಿನಲ್ಲಿ ಅಳೆದರು, ಕತ್ತಲಲ್ಲಿ ಇಟ್ಟಾಗ ಏನಾಯಿತು, ಒಡೆದ ವಸ್ತು ಕೊನೆಗೆ ಏನಾಗಿ ಉಳಿಯಿತು, ಉಜ್ಜಿ ಬಿಸಿಲಿಗಿಟ್ಟ ಮೇಲೂ ಕೆಲಸ ಮಾಡಿತಾ. ಇಷ್ಟಕ್ಕೆ ರಿಪೋರ್ಟ್‌ನಲ್ಲಿ ಉತ್ತರ ಇದ್ದರೆ ಆಮೇಲೆ ಶೇಕಡಾ ಲೆಕ್ಕ ನೋಡಬಹುದು.

ಕೊಳೆ ತಿನ್ನುವ ಶಕ್ತಿಯೇ ಗೋಡೆಯನ್ನೂ ತಿನ್ನುತ್ತದೆ

ಈ ಕೋಟಿಂಗ್‌ಗಳಲ್ಲಿ ಹೆಚ್ಚಿನವುಗಳ ಜೀವಾಳ ಟೈಟಾನಿಯಂ ಡೈಆಕ್ಸೈಡ್, ಅದರಲ್ಲೂ ಅನಟೇಸ್ ಎಂಬ ಹರಳಿನ ರೂಪ. ಅದರ ಬ್ಯಾಂಡ್ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನ್ ಜಿಗಿಯಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಹೆಚ್ಚುಕಡಿಮೆ 387 ನ್ಯಾನೋಮೀಟರ್ ಅಥವಾ ಅದಕ್ಕಿಂತ ಗಿಡ್ಡ ಅಲೆಯ ಬೆಳಕು ಬಿದ್ದರೆ ಮಾತ್ರ ಅದು ಕೆಲಸ ಶುರು ಮಾಡುತ್ತದೆ. ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನ್ ಜಿಗಿಯುತ್ತದೆ, ಅದು ಇದ್ದ ಜಾಗ ಖಾಲಿಯಾಗುತ್ತದೆ. ಜಿಗಿದ ಎಲೆಕ್ಟ್ರಾನ್ ಗಾಳಿಯ ಆಮ್ಲಜನಕಕ್ಕೆ ಸೇರುತ್ತದೆ, ಖಾಲಿ ಜಾಗ ಮೇಲ್ಮೈಯ ತೇವದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಹೀಗೆ ಹುಟ್ಟುವ ಸೂಪರ್‌ಆಕ್ಸೈಡ್ ಮತ್ತು ಹೈಡ್ರಾಕ್ಸಿಲ್ ರಾಡಿಕಲ್‌ಗಳು (ಸಿಕ್ಕಿದ್ದರ ಜೊತೆ ತಕ್ಷಣ ಪ್ರತಿಕ್ರಿಯಿಸುವ ಅಣು ತುಣುಕುಗಳು) ಹತ್ತಿರ ಸಿಕ್ಕ ಸಾವಯವ ವಸ್ತುವನ್ನು ಒಡೆಯುತ್ತಾ ಹೋಗುತ್ತವೆ. ಟೈಟಾನಿಯಂ ಡೈಆಕ್ಸೈಡ್ ಬೆಳಕಿನಿಂದ ನೀರನ್ನು ಒಡೆಯಬಲ್ಲದು ಅಂತ ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದರು. ಈ ಇಡೀ ಕ್ಷೇತ್ರ ಬೆಳೆದದ್ದು ಅಲ್ಲಿಂದ. ಬೆಳಕು ಬಿದ್ದ ಮೇಲ್ಮೈಯಲ್ಲಿ ನೀರು ಹನಿ ಕಟ್ಟದೆ ತೆಳುವಾಗಿ ಹರಡುವ ಗುಣ 1997ರಲ್ಲಿ ವರದಿಯಾಯಿತು. ತಾನೇ ತೊಳೆದುಕೊಳ್ಳುವ ಗಾಜಿನ ಹಿಂದೆ ಇರುವುದು ಈ ಎರಡೂ ಗುಣಗಳು.

ಈ ರಾಡಿಕಲ್‌ಗಳಿಗೆ ಕೊಳೆ ಯಾವುದು, ಗೋಡೆ ಯಾವುದು ಅನ್ನುವ ಭೇದ ಇಲ್ಲ. ಎಣ್ಣೆ ಜಿಡ್ಡನ್ನು ಒಡೆಯುವ ಹಾಗೆಯೇ ಕೋಟಿಂಗನ್ನು ಹಿಡಿದಿಟ್ಟಿರುವ ಬೈಂಡರನ್ನೂ, ಕೆಳಗಿನ ಪ್ಲಾಸ್ಟಿಕ್ ಅಥವಾ ಹಳೆಯ ಪೇಂಟನ್ನೂ ಒಡೆಯುತ್ತವೆ. ಮತ್ತೆ, ಒಡೆಯುವ ಕೆಲಸ ಒಂದೇ ಏಟಿಗೆ ಮುಗಿಯುವುದಿಲ್ಲ. ಹಂತಹಂತವಾಗಿ ನಡೆಯುತ್ತದೆ, ನಡುವೆ ನಿಂತರೆ ಅರ್ಧ ಒಡೆದ ವಸ್ತುಗಳು ಗಾಳಿಗೆ ಬರುತ್ತವೆ. ಸಾಮರ್ಥ್ಯದ ಟೆಸ್ಟ್ ಬೇರೆ, ಸುರಕ್ಷತೆಯ ಟೆಸ್ಟ್ ಬೇರೆ ಅಂತ ಫೈಲ್ ಮಾಡಿಡುವುದು ನನಗೆ ಇಷ್ಟವಾಗದಿರುವುದು ಇದೇ ಕಾರಣಕ್ಕೆ. ಎರಡೂ ಒಂದೇ ಕ್ರಿಯೆಯ ಫಲ. ಜೋರಾಗಿ ಕೆಲಸ ಮಾಡುವ ಕೋಟಿಂಗ್ ತನ್ನನ್ನು ತಾನು ಜೋರಾಗಿಯೇ ಸವೆಸಿಕೊಳ್ಳಬಹುದು.

ಮೊದಲು ಬೆಳಕು ನೋಡಿ

ರಿಪೋರ್ಟ್ ಕೈಗೆ ಬಂದ ತಕ್ಷಣ ದೀಪದ ಸಾಲು ಹುಡುಕಿ. ನೇರ ಬಿಸಿಲಿನಲ್ಲಿ ಮಧ್ಯಾಹ್ನ ಯುವಿ-ಎ (ಯುವಿಯಲ್ಲಿ ಉದ್ದ ಅಲೆಯ ಭಾಗ) ಬೆಳಕು ಚದರ ಮೀಟರಿಗೆ ಹತ್ತಾರು ವ್ಯಾಟ್ ಇರುತ್ತದೆ. ಐಎಸ್‌ಒ, ಅಂದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ, ಗಾಳಿ ಶುದ್ಧೀಕರಣಕ್ಕೆ ಮಾಡಿರುವ 22197 ನಂಬರಿನ ಟೆಸ್ಟ್‌ಗಳಲ್ಲಿ 10 ವ್ಯಾಟ್ ಇಡುತ್ತಾರೆ. ಹೊರಗೋಡೆಗೆ ಇದು ನ್ಯಾಯವಾದ ಅಳತೆ. ಆದರೆ ಕಿಟಕಿಯಿಂದ ದೂರದ ಒಳಗೋಡೆಗೆ ಬೀಳುವ ಯುವಿ ತೀರಾ ಕಡಿಮೆ, ಬಿಳಿ ಎಲ್‌ಇಡಿ ಬಲ್ಬ್‌ಗಳಂತೂ ಯುವಿಯನ್ನು ಹೆಚ್ಚುಕಡಿಮೆ ಕೊಡುವುದೇ ಇಲ್ಲ, ಅವುಗಳ ಮೂಲ ಬೆಳಕೇ 450 ನ್ಯಾನೋಮೀಟರ್ ಆಸುಪಾಸಿನ ನೀಲಿ. ಹಾಗಾಗಿ ಸಾದಾ ಅನಟೇಸ್ ಕೋಟಿಂಗನ್ನು ಎಲ್‌ಇಡಿ ಮಾತ್ರ ಇರುವ ಕೋಣೆಗೆ ಹಾಕಿದರೆ ಅಲ್ಲಿ ಇರುವುದು ಒಂದು ಪದರ, ಅಷ್ಟೇ. ಯುವಿ ದೀಪದ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಆ ಕೋಣೆಗೆ ಅದು ಸಂಬಂಧಪಡುವುದಿಲ್ಲ.

ಒಳಾಂಗಣಕ್ಕೆ ಅಂತಲೇ ಮಾಡಿದ ಕೋಟಿಂಗ್‌ಗಳಿವೆ. ನೈಟ್ರೋಜನ್ ಸೇರಿಸಿದ ಟೈಟಾನಿಯಂ ಡೈಆಕ್ಸೈಡ್, ತಾಮ್ರ ಸೇರಿಸಿದ್ದು, ಟಂಗ್‌ಸ್ಟನ್ ಟ್ರೈಆಕ್ಸೈಡ್ ಮೇಲೆ ತಾಮ್ರವನ್ನೋ ಪ್ಲಾಟಿನಂ ಅನ್ನೋ ಕೂರಿಸಿದ್ದು. ಟಂಗ್‌ಸ್ಟನ್ ಟ್ರೈಆಕ್ಸೈಡಿನ ಬ್ಯಾಂಡ್ ಗ್ಯಾಪ್ ಸುಮಾರು 2.8 ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ ನೀಲಿ ಬೆಳಕನ್ನೂ ಒಂದಿಷ್ಟು ಹೀರುತ್ತದೆ. ಇಂಥವಕ್ಕೆ ಬೇರೆಯೇ ಸ್ಟ್ಯಾಂಡರ್ಡ್‌ಗಳಿವೆ. ಒಳಾಂಗಣ ದೀಪದ ಅಳತೆಗೆ ಐಎಸ್‌ಒ 14605, ಎಲ್‌ಇಡಿಗೆ ಐಎಸ್‌ಒ 24448, ಆ ಬೆಳಕಿನಲ್ಲಿ ಗಾಳಿ ಶುದ್ಧೀಕರಣಕ್ಕೆ 17168, ಬ್ಯಾಕ್ಟೀರಿಯಾಕ್ಕೆ 17094, ವೈರಸ್‌ಗೆ 18071. ಒಳಾಂಗಣಕ್ಕೆ ಅಂತ ಮಾರುವವರ ಹತ್ತಿರ ಈ ನಂಬರ್‌ಗಳ ಬದಲು ಯುವಿ ನಂಬರ್‌ಗಳೇ ಇದ್ದರೆ ಅಲ್ಲಿಗೆ ಮಾತು ನಿಲ್ಲಿಸಿ.

ಸಾಧಾರಣ ಫ್ಲೋರೊಸೆಂಟ್ ಟ್ಯೂಬ್‌ಲೈಟ್‌ನಿಂದ ಚೂರು ಯುವಿ ಬರುತ್ತದೆ ಅನ್ನುವುದೂ ನೆನಪಿರಲಿ. ಫಿಲ್ಟರ್ ಇಲ್ಲದೆ ಟ್ಯೂಬ್‌ಲೈಟಿನ ಕೆಳಗೆ ಅಳೆದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಲಸ ಮಾಡಿತು ಅಂದರೆ ಅದು ಪೂರ್ತಿ ನಿಜ ಅಲ್ಲ, ಆ ಚೂರು ಯುವಿಯೇ ಕೆಲಸ ಮಾಡಿರಬಹುದು. ಯುವಿ ಕತ್ತರಿಸುವ ಫಿಲ್ಟರ್ ಇಟ್ಟಿದ್ದರಾ ಅಂತ ಕೇಳಿ.

ಇನ್ನೊಂದು ವಿಷಯ. ಕಡಿಮೆ ಬೆಳಕಿನಲ್ಲಿ ಕ್ರಿಯೆಯ ವೇಗ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ, ಬೆಳಕು ತುಂಬಾ ಜಾಸ್ತಿಯಾದಾಗ ಹಾಗೆ ಏರುವುದಿಲ್ಲ, ಏರಿಕೆ ವರ್ಗಮೂಲದ ಹಾದಿ ಹಿಡಿಯುತ್ತದೆ. ಆದ್ದರಿಂದ ಒಂದು ಬೆಳಕಿನಲ್ಲಿ ಸಿಕ್ಕ ಅಂಕಿಯನ್ನು ಭಾಗಿಸಿಯೋ ಗುಣಿಸಿಯೋ ಬೇರೆ ಬೆಳಕಿಗೆ ಅನ್ವಯಿಸುವುದು ಸರಿಯಲ್ಲ.

ಡೈ ಟೆಸ್ಟ್: ಬೇಗ, ಅಗ್ಗ, ಆದರೆ ಕೊನೆಯ ಮಾತಲ್ಲ

ಐಎಸ್‌ಒ 10678 ಅನ್ನುವುದು ಮೆಥಿಲೀನ್ ಬ್ಲೂ ಟೆಸ್ಟ್. ನೀಲಿ ದ್ರಾವಣವನ್ನು ಕೋಟಿಂಗ್ ಮೇಲೆ ಇಟ್ಟು ಯುವಿ ಬಿಟ್ಟು ಬಣ್ಣ ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆಯುತ್ತಾರೆ. ನೋಡಲು ಚೆಂದ, ವಿಡಿಯೋಗೆ ಹೇಳಿ ಮಾಡಿಸಿದ್ದು. ಆದರೆ ಬಣ್ಣ ಹೋಗುವುದಕ್ಕೆ ಹಲವು ದಾರಿಗಳಿವೆ. ಡೈ ಸುಮ್ನೆ ಮೇಲ್ಮೈಗೆ ಅಂಟಿಕೊಂಡರೂ ದ್ರಾವಣದ ಬಣ್ಣ ಇಳಿಯುತ್ತದೆ. ಮೆಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದು ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ ಹೋಗಬಹುದು, ಆಗ ಅದು ಒಡೆದೇ ಇರುವುದಿಲ್ಲ. ಡೈ ತಾನೇ ಕಣ್ಣಿಗೆ ಕಾಣುವ ಬೆಳಕನ್ನು ಹೀರಿ, ಎಲೆಕ್ಟ್ರಾನನ್ನು ಕೋಟಿಂಗ್‌ಗೆ ದಾಟಿಸಿ, ತಾನೇ ಹಾಳಾಗಬಹುದು. ಈ ಕೊನೆಯದು ಬಹಳ ಮುಖ್ಯ, ಯಾಕೆಂದರೆ ನಮ್ಮ ಕೋಟಿಂಗ್ ಮಾಮೂಲಿ ಬೆಳಕಿನಲ್ಲೂ ಕೆಲಸ ಮಾಡುತ್ತದೆ ಅಂತ ಡೈ ಟೆಸ್ಟ್ ತೋರಿಸಿ ಹೇಳುವವರಿದ್ದಾರೆ. ಬಣ್ಣವಿರುವ ಡೈ ಇಟ್ಟು ಕಣ್ಣಿಗೆ ಕಾಣುವ ಬೆಳಕಿನ ಸಾಮರ್ಥ್ಯ ಸಾಬೀತು ಮಾಡಲು ಆಗುವುದಿಲ್ಲ.

ಹಾಗಾದರೆ ಡೈ ಟೆಸ್ಟ್ ಯಾವುದಕ್ಕೆ? ಒಂದೇ ಕೋಟಿಂಗಿನ ಬ್ಯಾಚ್‌ಗಳನ್ನು ಹೋಲಿಸಲು, ಗೋಡೆಗೆ ಹಚ್ಚಿದ ಮೇಲೆ ಪದರ ನಿಜವಾಗಿ ಇದೆಯಾ ಅಂತ ನೋಡಲು. ಅದಕ್ಕೆ ನನ್ನ ಮೊದಲ ಆಯ್ಕೆ ರೆಸಜುರಿನ್ ಇಂಕ್, ಐಎಸ್‌ಒ 21066. ಇಂಕ್ ಹಚ್ಚಿ ಯುವಿ ಬಿಟ್ಟರೆ ನೀಲಿ ಬಣ್ಣ ಗುಲಾಬಿಗೆ ತಿರುಗುತ್ತದೆ, ಚುರುಕಾದ ಕೋಟಿಂಗ್ ಆದರೆ ನಿಮಿಷಗಳಲ್ಲೇ. ಪಕ್ಕದಲ್ಲಿ ಕೋಟಿಂಗ್ ಇಲ್ಲದ ತುಂಡು ಇಟ್ಟು ಹೋಲಿಸುವುದನ್ನು ಮಾತ್ರ ಬಿಡಬಾರದು.

ನೀರು ಹರಡುವ ಟೆಸ್ಟ್

ಗಾಜು, ಟೈಲ್, ಹೊರಗೋಡೆಯ ಫಲಕ, ಇಂಥವಕ್ಕೆ ಐಎಸ್‌ಒ 27448 ಸರಿಯಾದ ಆರಂಭ. ಮೇಲ್ಮೈಗೆ ಓಲಿಯಿಕ್ ಆಮ್ಲ ಹಚ್ಚಿ, ಅಂದರೆ ಬೇಕಂತಲೇ ಜಿಡ್ಡು ಮಾಡಿ, ಯುವಿ ಬೆಳಕಿನಲ್ಲಿಟ್ಟು ನೀರಿನ ಹನಿ ಮೇಲ್ಮೈಯೊಂದಿಗೆ ಮಾಡುವ ಕೋನ ದಿನಕಳೆದಂತೆ ಎಷ್ಟು ಇಳಿಯುತ್ತದೆ ಅಂತ ನೋಡುತ್ತಾರೆ. 5 ಡಿಗ್ರಿಗಿಂತ ಕೆಳಗೆ ಬಂದರೆ ನೀರು ಪೂರ್ತಿ ಹರಡಿದೆ ಅಂತಲೇ ಲೆಕ್ಕ. ಕೊನೆಯ ಕೋನದ ಜೊತೆಗೆ ಅಲ್ಲಿಗೆ ಬರಲು ಎಷ್ಟು ಗಂಟೆ ಹಿಡಿಯಿತು ಅನ್ನುವುದನ್ನೂ ಹೋಲಿಸಿ.

ಇಲ್ಲೊಂದು ಎಚ್ಚರಿಕೆ. ಟೆಸ್ಟ್ ಪಾಸಾದ ಗಾಜು ಕೂಡ ಮಳೆ ತಾಗದ ಜಾಗದಲ್ಲಿ ಸ್ವಚ್ಛವಾಗುವುದಿಲ್ಲ. ಜಿಡ್ಡು ಒಡೆಯುತ್ತದೆ, ಆದರೆ ಮಣ್ಣು, ಸಿಮೆಂಟ್ ಧೂಳು, ಸುಣ್ಣದ ಕಲೆ ಒಡೆಯುವುದಿಲ್ಲ, ಅವನ್ನು ನೀರೇ ತೊಳೆದುಕೊಂಡು ಹೋಗಬೇಕು. ಸಜ್ಜದ ಕೆಳಗಿನ ಕಿಟಕಿಗೆ ಹಾಕಿ ಆಮೇಲೆ ಕೋಟಿಂಗ್ ಸರಿಯಿಲ್ಲ ಅಂತ ದೂರಿದರೆ ಪ್ರಯೋಜನವಿಲ್ಲ.

ಗಾಳಿಯ ಟೆಸ್ಟ್‌ಗಳು: ಇಲ್ಲಿ ನಿಧಾನವಾಗಿ ಓದಿ

ಐಎಸ್‌ಒ 22197ರಲ್ಲಿ ಐದು ಭಾಗಗಳಿವೆ. ಮೊದಲನೆಯದು ನೈಟ್ರಿಕ್ ಆಕ್ಸೈಡ್, ವಾಹನದ ಹೊಗೆಯಲ್ಲಿ ಬರುವಂಥದ್ದು. ಆಮೇಲೆ ಅಸಿಟಾಲ್ಡಿಹೈಡ್, ಟಾಲ್ವೀನ್, ಫಾರ್ಮಾಲ್ಡಿಹೈಡ್, ಮೀಥೈಲ್ ಮರ್‌ಕ್ಯಾಪ್ಟನ್. ಮೊದಲನೆಯದರಲ್ಲಿ 5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ತುಂಡನ್ನು ಚಪ್ಪಟೆ ಕೋಶದಲ್ಲಿ ಇಟ್ಟು, 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ನೈಟ್ರಿಕ್ ಆಕ್ಸೈಡ್ ಇರುವ ಗಾಳಿಯನ್ನು ನಿಮಿಷಕ್ಕೆ 3 ಲೀಟರ್‌ನಂತೆ ಐದು ಗಂಟೆ ಹರಿಸುತ್ತಾರೆ. ಗಾಳಿ ಕೋಟಿಂಗ್ ಮೇಲಿನ ಸಣ್ಣ ಸಂದಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಕೋಟಿಂಗ್‌ಗಳನ್ನು ಒಂದಕ್ಕೊಂದು ಹೋಲಿಸಲು ಇದು ಒಳ್ಳೆಯ ವಿಧಾನ. ರಸ್ತೆಯ ಗಾಳಿ ಎಷ್ಟು ಶುದ್ಧವಾಗುತ್ತದೆ ಅಂತ ಇದರಿಂದ ಹೇಳಲಾಗದು, ಯಾಕೆಂದರೆ ರಸ್ತೆಯಲ್ಲಿ ಹೆಚ್ಚಿನ ಗಾಳಿ ಗೋಡೆಗೆ ತಾಗದೇ ಹೋಗಿಬಿಡುತ್ತದೆ.

ಬ್ರಸೆಲ್ಸ್‌ನ ಲಿಯೋಪೋಲ್ಡ್ ಎರಡನೇ ಸುರಂಗದಲ್ಲಿ ಯುರೋಪಿನ ಫೋಟೋಪ್ಯಾಕ್ ಯೋಜನೆಯವರು ಕೋಟಿಂಗ್ ಹಾಕಿ, ಯುವಿ ದೀಪಗಳನ್ನೂ ಹಾಕಿ ಅಳೆದರು. ಸುರಂಗ ಅಂದರೆ ಗಾಳಿ ಗೋಡೆಗಳ ನಡುವೆಯೇ ಇರುವ ಜಾಗ, ಗೆಲ್ಲಬೇಕಾದರೆ ಅಲ್ಲೇ ಗೆಲ್ಲಬೇಕಿತ್ತು. ಆದರೆ ಗುರುತಿಸುವಷ್ಟು ಇಳಿಕೆ ಸಿಗಲಿಲ್ಲ, ಇದ್ದರೂ ಶೇ 2ಕ್ಕಿಂತ ಕಡಿಮೆ ಅನ್ನುವುದು ಅವರ ಲೆಕ್ಕ. ಸುರಂಗದ ಕೊಳಕು ಗಾಳಿಯಲ್ಲಿ ಕೋಟಿಂಗ್ ಮಂಕಾಗಿತ್ತು, ಬೆಳಕೂ ಸಾಲದಾಗಿತ್ತು. ಬ್ರಿಟನ್ ಸರ್ಕಾರದ ವಾಯು ಗುಣಮಟ್ಟ ತಜ್ಞರ ತಂಡ ಕೂಡ 2016ರ ವರದಿಯಲ್ಲಿ, ಇಂಥ ಪೇಂಟ್‌ಗಳನ್ನು ವ್ಯಾಪಕವಾಗಿ ಬಳಸಿದರೆ ಹೊರಗಿನ ಗಾಳಿಯ ನೈಟ್ರೋಜನ್ ಆಕ್ಸೈಡ್‌ಗಳು ಇಳಿಯುತ್ತವೆ ಅನ್ನುವುದಕ್ಕೆ ಹೆಚ್ಚು ಪುರಾವೆ ಇಲ್ಲ ಅಂತಲೇ ಹೇಳಿತು. ಊರಿನ ಗಾಳಿ ತೊಳೆಯುತ್ತೇವೆ ಅನ್ನುವ ಮಾತಿಗೆ ಹಣ ಕೊಡಬೇಡಿ ಅಂತ ನಾನು ಹೇಳುವುದು ಇಂಥ ಅಳತೆಗಳನ್ನು ನೋಡಿಯೇ.

ಈ ಟೆಸ್ಟಿನೊಳಗೇ ಒಂದು ಸುರಕ್ಷತೆಯ ಪ್ರಶ್ನೆ ಇದೆ. ನೈಟ್ರಿಕ್ ಆಕ್ಸೈಡ್ ಪೂರ್ತಿ ಆಕ್ಸಿಡೀಕರಣಗೊಂಡರೆ ನೈಟ್ರೇಟ್ ಆಗಿ ಮೇಲ್ಮೈಯಲ್ಲಿ ಉಳಿಯುತ್ತದೆ, ನೀರು ಬಂದಾಗ ತೊಳೆದುಹೋಗುತ್ತದೆ. ಅರ್ಧಕ್ಕೆ ನಿಂತರೆ ನೈಟ್ರೋಜನ್ ಡೈಆಕ್ಸೈಡ್ ಆಗಿ ಗಾಳಿಗೆ ಮರಳುತ್ತದೆ, ಅದು ನೈಟ್ರಿಕ್ ಆಕ್ಸೈಡಿಗಿಂತ ಹೆಚ್ಚು ವಿಷಕಾರಿ. ಒಂದು ಕೋಟಿಂಗ್ ಶೇ 40 ನೈಟ್ರಿಕ್ ಆಕ್ಸೈಡ್ ತೆಗೆದು ಅದರಲ್ಲಿ ಅರ್ಧವನ್ನು ಡೈಆಕ್ಸೈಡ್ ಮಾಡಿ ಬಿಡುತ್ತದೆ ಅಂತಿಟ್ಟುಕೊಳ್ಳಿ. ಇನ್ನೊಂದು ಶೇ 25 ಮಾತ್ರ ತೆಗೆಯುತ್ತದೆ, ಆದರೆ ಎಲ್ಲವೂ ನೈಟ್ರೇಟ್ ಆಗುತ್ತದೆ. ನಾನು ಎರಡನೆಯದನ್ನೇ ಆರಿಸುತ್ತೇನೆ. ರಿಪೋರ್ಟ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟು ಹೋಯಿತು, ನೈಟ್ರೋಜನ್ ಡೈಆಕ್ಸೈಡ್ ಎಷ್ಟು ಬಂತು, ಒಟ್ಟು ನೈಟ್ರೋಜನ್ ಆಕ್ಸೈಡ್ ಎಷ್ಟು ಇಳಿಯಿತು, ತೊಳೆದಾಗ ನೈಟ್ರೇಟ್ ಎಷ್ಟು ಸಿಕ್ಕಿತು ಅನ್ನುವ ನಾಲ್ಕೂ ಅಂಕಿ ಬೇಕು. ಮೊದಲನೆಯದನ್ನು ಮಾತ್ರ ಕೊಟ್ಟರೆ ಉಳಿದ ಮೂರನ್ನು ಕೇಳಿ ತರಿಸಿಕೊಳ್ಳಿ, ಅಳೆದಿರಲೇಬೇಕು.

ಒಳಾಂಗಣದ ಗಾಳಿಗೆ ಬಂದರೆ ಕಷ್ಟ ಇನ್ನೂ ಜಾಸ್ತಿ. ಟೆಸ್ಟ್‌ನಲ್ಲಿ ಒಂದೇ ಅನಿಲ, ಅದೂ ಪಿಪಿಎಂ ಮಟ್ಟದಲ್ಲಿ. ಕೋಣೆಯಲ್ಲಿ ಅದರ ಎಷ್ಟೋ ಪಟ್ಟು ಕಡಿಮೆ ಪ್ರಮಾಣದ ಹತ್ತಾರು ಅನಿಲಗಳು ಒಟ್ಟಿಗೆ ಇರುತ್ತವೆ. ಟಾಲ್ವೀನ್ ಒಡೆಯುವಾಗ ಬೆಂಜಾಲ್ಡಿಹೈಡ್‌ನಂಥವು ಮೇಲ್ಮೈಯಲ್ಲೇ ಕೂತು ಕೋಟಿಂಗನ್ನು ಮಂಕು ಮಾಡುತ್ತವೆ. ಸೀಲೆಂಟ್, ಸೌಂದರ್ಯವರ್ಧಕಗಳಿಂದ ಬರುವ ಸಿಲೋಕ್ಸೇನ್ ಎಂಬ ಸಿಲಿಕಾನ್ ಇರುವ ಆವಿಗಳು ಒಡೆದು ಸಿಲಿಕಾ ಆಗಿ ಕೂರುತ್ತವೆ, ಅದು ನೀರಿಗೂ ಹೋಗುವುದಿಲ್ಲ, ಬೆಳಕಿಗೂ ಹೋಗುವುದಿಲ್ಲ. ಆಲ್ಕೊಹಾಲ್‌ನಂಥ ಸಾಧಾರಣ ಆವಿಗಳೂ ಅರ್ಧಕ್ಕೆ ಒಡೆದರೆ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್ ಆಗುತ್ತವೆ. ವಾಸನೆ ಕಡಿಮೆಯಾಯಿತು ಅಂತ ಸಮಾಧಾನ ಪಡುವ ಹೊತ್ತಿಗೆ ಉಸಿರಿಗೆ ಕೆಟ್ಟದ್ದು ಸೇರಿರಬಹುದು.

ಆದ್ದರಿಂದ ಒಳಾಂಗಣ ಕೋಟಿಂಗ್‌ಗೆ ನಾನು ಮೊದಲು ಕೇಳುವುದು ಎರಡು ಅಳತೆ. ಒಡೆದ ಅನಿಲದ ಇಂಗಾಲದಲ್ಲಿ ಎಷ್ಟು ಪಾಲು ಕಾರ್ಬನ್ ಡೈಆಕ್ಸೈಡ್ ಆಯಿತು ಅನ್ನುವುದು ಒಂದು. ಎರಡನೆಯದು ಖಾಲಿ ಟೆಸ್ಟ್: ಬರೀ ಶುದ್ಧ ಗಾಳಿ ಹರಿಸಿ, ದೀಪ ಹಾಕಿ, ಹೊರಗೆ ಬರುವ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಇದೆಯಾ ನೋಡುವುದು. ಶುದ್ಧ ಗಾಳಿ ಹಾಕಿದರೂ ಫಾರ್ಮಾಲ್ಡಿಹೈಡ್ ಬಂದರೆ ಅದು ಬರುತ್ತಿರುವುದು ಕೋಟಿಂಗಿನ ಬೈಂಡರಿನಿಂದಲೇ. ಸಾವಯವ ಬೈಂಡರ್ ಇರುವ ಒಳಾಂಗಣ ಪೇಂಟ್‌ಗಳಲ್ಲಿ ಈ ತೊಂದರೆ ನಿಜವಾಗಿ ಕಂಡಿದೆ. ಮಕ್ಕಳು ಮಲಗುವ ಕೋಣೆಗೆ, ಆಸ್ಪತ್ರೆಯ ವಾರ್ಡ್‌ಗೆ ಹಾಕುವ ಮಾತಾದರೆ ಈ ಖಾಲಿ ಟೆಸ್ಟ್ ಇಲ್ಲದ ಯಾವುದನ್ನೂ ನಾನು ಒಪ್ಪುವುದಿಲ್ಲ. ಗಾಳಿ ಚೆನ್ನಾಗಿರಬೇಕು ಅನ್ನುವುದಷ್ಟೇ ಗುರಿಯಾಗಿದ್ದರೆ ಕಿಟಕಿ, ಫ್ಯಾನ್, ಒಳ್ಳೆಯ ಫಿಲ್ಟರ್ ಇವು ಹೆಚ್ಚು ಖಚಿತ ದಾರಿ.

ಬ್ಯಾಕ್ಟೀರಿಯಾ, ವೈರಸ್ ಟೆಸ್ಟ್‌ಗಳು

ಐಎಸ್‌ಒ 27447 ಯುವಿ ಬೆಳಕಿನ ಬ್ಯಾಕ್ಟೀರಿಯಾ ಟೆಸ್ಟ್. ಬ್ಯಾಕ್ಟೀರಿಯಾ ಇರುವ ದ್ರವವನ್ನು ಕೋಟಿಂಗ್ ಮೇಲೆ ಹಾಕಿ, ಮೇಲೊಂದು ತೆಳು ಹಾಳೆ ಮುಚ್ಚಿ, ತೇವ ಆರದಂತೆ ನೋಡಿಕೊಂಡು ಬೆಳಕಿನಲ್ಲಿ ಇಡುತ್ತಾರೆ. ಐಎಸ್‌ಒ 18061 ವೈರಸ್‌ನದು, ಅದರಲ್ಲಿ ಬಳಸುವುದು ಕ್ಯೂ-ಬೀಟಾ ಎಂಬ ಬ್ಯಾಕ್ಟೀರಿಯೋಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್.

ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕತ್ತಲೆಯ ಸಾಲು. ಒಳ್ಳೆಯ ರಿಪೋರ್ಟ್‌ನಲ್ಲಿ ಕೋಟಿಂಗ್ ಇದ್ದು ಬೆಳಕು ಬಿಟ್ಟದ್ದು, ಕೋಟಿಂಗ್ ಇದ್ದು ಕತ್ತಲಲ್ಲಿಟ್ಟದ್ದು, ಕೋಟಿಂಗ್ ಇಲ್ಲದೆ ಬೆಳಕು ಬಿಟ್ಟದ್ದು, ಎರಡೂ ಇಲ್ಲದ್ದು ಹೀಗೆ ನಾಲ್ಕು ಲೆಕ್ಕ ಇರುತ್ತದೆ. ಬೆಳಕೊಂದೇ ಎಷ್ಟು ಕೊಂದಿತು ಅನ್ನುವುದನ್ನು ಕಳೆಯದಿದ್ದರೆ ಯುವಿ ದೀಪದ ಕೆಲಸವೆಲ್ಲ ಕೋಟಿಂಗಿನ ಖಾತೆಗೆ ಹೋಗುತ್ತದೆ. ಕತ್ತಲಲ್ಲೂ ಬ್ಯಾಕ್ಟೀರಿಯಾ ಹಾಗೇ ಸತ್ತಿದ್ದರೆ ಕೊಲ್ಲುತ್ತಿರುವುದು ತಾಮ್ರವೋ ಬೆಳ್ಳಿಯೋ ಆಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಕೆಲವು ಜಾಗಕ್ಕೆ ಅದೇ ಒಳ್ಳೆಯದು, ರಾತ್ರಿಯೂ ಕೆಲಸ ಮಾಡುತ್ತದೆ. ಆದರೆ ಆ ಲೋಹ ನಿಧಾನವಾಗಿ ಕರಗಿ ಖಾಲಿಯಾಗುವಂಥದ್ದಾ, ತೊಳೆದ ನೀರಿಗೆ ಎಷ್ಟು ಸೇರುತ್ತದೆ ಅನ್ನುವ ಬೇರೆ ಪ್ರಶ್ನೆಗಳು ಆಗ ಏಳುತ್ತವೆ. ಹಗಲು ರಾತ್ರಿ ಬೆಳಕಿನ ಬಲದಿಂದಲೇ ಅಂತ ಮಾರುವವರಿಗೆ ಇದನ್ನು ಕೇಳಿ ನೋಡಿ, ಸಿಗುವ ಉತ್ತರದಿಂದ ಅವರಿಗೆ ತಮ್ಮ ಸರಕು ಎಷ್ಟು ಗೊತ್ತು ಅನ್ನುವುದೂ ತಿಳಿಯುತ್ತದೆ.

ಶೇಕಡಾ ಬದಲು ಲಾಗ್ ಲೆಕ್ಕ ಕೇಳಿ, ಒಂದು ಲಾಗ್ ಅಂದರೆ ಹತ್ತನೇ ಒಂದು ಭಾಗಕ್ಕೆ ಇಳಿಕೆ. ಶೇ 99 ಅಂದರೆ 2 ಲಾಗ್, ಶೇ 99.9 ಅಂದರೆ 3 ಲಾಗ್. ಓದುವಾಗ ಕೂದಲೆಳೆ ವ್ಯತ್ಯಾಸ ಅನಿಸಿದರೂ ಉಳಿಯುವ ಬ್ಯಾಕ್ಟೀರಿಯಾ ಹತ್ತು ಪಟ್ಟು ಕಡಿಮೆ. ಜೊತೆಗೆ ಸಮಯ ನೋಡಿ. ಎಂಟು ಗಂಟೆಯಲ್ಲಿ 2 ಲಾಗ್ ಇಳಿಸುವ ಬಾಗಿಲ ಹಿಡಿಯನ್ನು ಆ ಎಂಟು ಗಂಟೆಯಲ್ಲಿ ಎಷ್ಟೋ ಕೈಗಳು ಮುಟ್ಟಿರುತ್ತವೆ. ಒಣಗಿದ, ಧೂಳು ಕೂತ, ಬೆವರು ಅಂಟಿದ ಮೇಲ್ಮೈಯಲ್ಲಿ ಈ ಅಂಕಿ ಬರುವುದಿಲ್ಲ. ಮಾಮೂಲು ಸೋಂಕು ನಿವಾರಣೆ, ಒರೆಸುವ ಕೆಲಸ ನಿಲ್ಲಿಸಬಹುದು ಅಂತ ಯಾರಾದರೂ ಹೇಳಿದರೆ ಅದು ಅಪಾಯದ ಸಲಹೆ.

ಹಚ್ಚುವವರ ಉಸಿರು, ಆಮೇಲೆ ಉದುರುವ ಪುಡಿ

ಸುರಕ್ಷತೆ ಅಂದರೆ ಜನ ಗೋಡೆಯ ಪಕ್ಕ ಕೂರುವವರ ಬಗ್ಗೆ ಯೋಚಿಸುತ್ತಾರೆ. ನನಗೆ ಜಾಸ್ತಿ ಕಾಳಜಿ ಸ್ಪ್ರೇ ಗನ್ ಹಿಡಿದವರದು. ಟೈಟಾನಿಯಂ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳಲ್ಲಿ ಇಟ್ಟಿದೆ. ಅದಕ್ಕೆ ಮುಖ್ಯ ಆಧಾರ ಇಲಿಗಳು ಪುಡಿಯನ್ನು ಉಸಿರಾಡಿದ ಅಧ್ಯಯನಗಳು. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ 2011ರಲ್ಲಿ ಕೆಲಸದ ಜಾಗದ ಗಾಳಿಗೆ ಶಿಫಾರಸು ಮಾಡಿದ ಮಿತಿ ಸಾಧಾರಣ ಸಣ್ಣ ಕಣಗಳಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ, ನ್ಯಾನೋ ಗಾತ್ರದ ಕಣಗಳಿಗೆ 0.3 ಮಿಲಿಗ್ರಾಂ. ಎಂಟು ಪಟ್ಟು ಬಿಗಿ. ಫೋಟೋಕ್ಯಾಟಲಿಟಿಕ್ ಕೋಟಿಂಗ್‌ಗಳಲ್ಲಿ ಇರುವುದು ಹೆಚ್ಚಾಗಿ ಈ ಎರಡನೇ ಬಗೆಯ ಕಣಗಳೇ. ಯುರೋಪಿನಲ್ಲಿ ಪುಡಿ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 2020ರಲ್ಲಿ ಕೊಟ್ಟ ಕ್ಯಾನ್ಸರ್ ವರ್ಗೀಕರಣವನ್ನು 2022ರಲ್ಲಿ ಅಲ್ಲಿನ ಕೋರ್ಟ್ ರದ್ದು ಮಾಡಿತು, 2025ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಣೆಪಟ್ಟಿ ಹೋಯಿತು ಅಂತ ಮಾಸ್ಕ್ ಬಿಡಲು ಆಗುವುದಿಲ್ಲ. ಸ್ಪ್ರೇ ಮಾಡುವವರ ಸುತ್ತ ತೇಲುವ ಸಣ್ಣ ಹನಿಗಳು ಶ್ವಾಸಕೋಶಕ್ಕೆ ಹೋಗುವುದು ಮೊದಲಿನ ಹಾಗೇ.

ಹಾಗಾಗಿ ಎರಡು ಕೋಟಿಂಗ್ ಹೆಚ್ಚುಕಡಿಮೆ ಸಮ ಇದ್ದರೆ ಕಾರ್ಖಾನೆಯಲ್ಲೇ ಹಚ್ಚಿ ಬರುವುದನ್ನು ಆರಿಸಿ. ಅದಿಲ್ಲದಿದ್ದರೆ ರೋಲರ್‌ನಿಂದ ಹಚ್ಚುವುದು. ಸ್ಪ್ರೇ ಕೊನೆಯದು, ಅದೂ ಸರಿಯಾದ ಪಾರ್ಟಿಕಲ್ ಮಾಸ್ಕ್, ಗಾಳಿ ವ್ಯವಸ್ಥೆ ಇದ್ದರೆ ಮಾತ್ರ.

ಒಮ್ಮೆ ಗಟ್ಟಿಯಾಗಿ ಕೂತ ಪದರದಿಂದ ಕಣಗಳು ಸುಲಭಕ್ಕೆ ಬರುವುದಿಲ್ಲ. ಬರುವುದು ಸವೆದಾಗ, ಮರಳು ಕಾಗದ ಉಜ್ಜಿದಾಗ, ಬಿಸಿಲಿಗೆ ಬೈಂಡರ್ ಸುಟ್ಟು ಮೇಲ್ಮೈ ಸುಣ್ಣದ ಪುಡಿಯಂತಾದಾಗ. ಅದನ್ನು ಅಳೆಯಲು ಟೇಬರ್ ಯಂತ್ರದಲ್ಲಿ (ಉಜ್ಜುವ ಚಕ್ರಗಳಿಂದ ಮೇಲ್ಮೈ ಸವೆಸುವ ಯಂತ್ರ) ಸವೆಸಿ ಕಣ ಎಣಿಸುವ ವಿಧಾನ ಇದೆ, ಪೇಂಟ್‌ನಿಂದ ನ್ಯಾನೋ ಕಣ ಬಿಡುಗಡೆ ಅಳೆಯಲು ಐಎಸ್‌ಒ 21683 ಇದೆ. ಅಳತೆ ಮಾಡುವಾಗ ಹೊಸ ಪದರವನ್ನು ಸವೆಸಿದರೆ ಸಾಲದು. ಮೊದಲು ಯುವಿ ಮತ್ತು ತೇವದ ಯಂತ್ರದಲ್ಲಿಟ್ಟು ಹಳೆಯದಾಗಿಸಿ, ಆಮೇಲೆ ಸವೆಸಬೇಕು. ಹೊಸದರಲ್ಲಿ ಏನೂ ಬರದ ಪದರ ಹಳೆಯದಾದಾಗ ಉದುರಬಹುದು.

ಬಾಳಿಕೆ: ಮೊದಲು ಅಳೆ, ಹಾಳು ಮಾಡು, ಮತ್ತೆ ಅಳೆ

ಬಾಳಿಕೆಯ ರಿಪೋರ್ಟ್ ಅಂತ ಬರೀ ಅಂಟುವಿಕೆಯ ಟೆಸ್ಟ್ ಕೊಡುವುದುಂಟು, ಐಎಸ್‌ಒ 2409ರ ಪ್ರಕಾರ ಚೌಕ ಗೀರಿ ನೋಡುವಂಥದ್ದು. ಪದರ ಕಿತ್ತುಬಂದಿಲ್ಲ ಅನ್ನುವುದು ಸರಿ, ಅದು ಇನ್ನೂ ಕೆಲಸ ಮಾಡುತ್ತಿದೆಯಾ ಅನ್ನುವುದು ಬೇರೆ. ಬೇಕಾದದ್ದು ಸರಣಿ. ಮೊದಲು ಸಾಮರ್ಥ್ಯ ಅಳೆದು, ಆಮೇಲೆ ಜಾಗಕ್ಕೆ ತಕ್ಕ ಹಾಗೆ ಹಾಳು ಮಾಡಿ, ಮತ್ತೆ ಅದೇ ವಿಧಾನದಲ್ಲಿ ಅಳೆದ ಅಂಕಿ. ಒಳಗೋಡೆಗೆ ಒದ್ದೆ ಉಜ್ಜುವ ಐಎಸ್‌ಒ 11998, ಹೊರಗೋಡೆಗೆ ಯುವಿ ಮತ್ತು ತೇವದ ಐಎಸ್‌ಒ 16474-3, ನೆಲಕ್ಕೆ ಟೇಬರ್.

ಪೇಂಟ್‌ಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬಿಸಿಲಿಗಿಟ್ಟ ಮೊದಲ ಕೆಲ ವಾರ ಸಾಮರ್ಥ್ಯ ಇಳಿಯುವ ಬದಲು ಏರಬಹುದು. ಕಣಗಳನ್ನು ಮುಚ್ಚಿದ್ದ ಬೈಂಡರ್ ಸುಟ್ಟು ಅವು ಹೊರಗೆ ಬಂದಿರುತ್ತವೆ, ಅದಕ್ಕೆ. ಮಾರುವವರು ಇದನ್ನು ಒಳ್ಳೆಯ ಸುದ್ದಿ ಅಂತ ತೋರಿಸಿದರೆ ಅದೇ ತುಂಡಿನ ಪುಡಿ ಉದುರುವಿಕೆಯ ಅಂಕಿ, ಐಎಸ್‌ಒ 4628-6, ಕೇಳಿ. ಏರಿದ ಸಾಮರ್ಥ್ಯ ಮತ್ತು ಉದುರುವ ಪುಡಿ ಜೊತೆಗೇ ಬಂದರೆ ಆ ಪೇಂಟ್ ತನ್ನನ್ನೇ ತಿನ್ನಲು ಶುರು ಮಾಡಿದೆ.

ಹಾಗಾದರೆ ಯಾವುದಕ್ಕೆ ಯಾವುದು

ಹೊರಗಿನ ಗಾಜಿಗೆ, ಕಾರ್ಖಾನೆಯಲ್ಲಿ ಬಿಸಿಯಾಗಿರುವಾಗಲೇ ಆವಿಯಿಂದ ಕೂರಿಸಿದ ಪದರದ ಗಾಜು. ಪಿಲ್ಕಿಂಗ್ಟನ್ ಕಂಪನಿ 2001ರಲ್ಲಿ ತಂದದ್ದು ಈ ಬಗೆಯದು, ಅದರ ಪದರ ಸುಮಾರು 15 ನ್ಯಾನೋಮೀಟರ್ ಮಾತ್ರ. ತೆಳು ಪದರ, ಅದಕ್ಕೇ ಗಾಳಿ ಶುದ್ಧೀಕರಣದ ಟೆಸ್ಟ್‌ನಲ್ಲಿ ಇದು ಹೆಚ್ಚು ಅಂಕ ತೆಗೆಯುವುದಿಲ್ಲ, ಆದರೆ ಬೈಂಡರ್ ಇಲ್ಲ, ಉದುರುವುದಿಲ್ಲ, ಮಳೆ ತಾಗಿದರೆ ಚೆನ್ನಾಗಿ ತೊಳೆದುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಈ ತಂತ್ರಜ್ಞಾನದ ಅತಿ ಪ್ರಾಮಾಣಿಕ ಬಳಕೆ ಇದು. ಬೇಯಿಸಿದ ಸೆರಾಮಿಕ್ ಟೈಲ್‌ಗಳೂ ಇದೇ ಸಾಲಿಗೆ ಬರುತ್ತವೆ.

ಕಾಂಕ್ರೀಟ್ ಮುಖಕ್ಕೆ, ಕಣಗಳನ್ನು ಒಳಗೇ ಬೆರೆಸಿದ ಬಿಳಿ ಸಿಮೆಂಟ್. 2003ರಲ್ಲಿ ಮುಗಿದ ರೋಮ್‌ನ ಜುಬಿಲಿ ಚರ್ಚ್ ಇಂಥದ್ದರಿಂದ ಕಟ್ಟಿದ್ದು. ಮೇಲ್ಪದರ ಸವೆದರೆ ಕೆಳಗಿನ ಕಣ ತೆರೆದುಕೊಳ್ಳುತ್ತದೆ, ಸಿಮೆಂಟ್ ನಿರವಯವ ಆದ್ದರಿಂದ ರಾಡಿಕಲ್‌ಗಳಿಗೆ ತಿನ್ನಲು ಅಲ್ಲಿ ಹೆಚ್ಚೇನೂ ಇಲ್ಲ.

ಹಳೆಯ ಹೊರಗೋಡೆಗೆ ಪೇಂಟ್ ಬೇಕೇ ಬೇಕಾದರೆ ಸಿಲಿಕೇಟ್ ಅಥವಾ ಸಿಲಿಕೋನ್ ಆಧಾರದ ಬೈಂಡರ್ ಇರುವುದು. ಅಕ್ರಿಲಿಕ್ ಬೈಂಡರ್‌ನಲ್ಲಿ ಚುರುಕಾದ ಅನಟೇಸ್ ಹಾಕಿದ್ದನ್ನು ನಾನು ದೂರ ಇಡುತ್ತೇನೆ. ಪ್ಲಾಸ್ಟಿಕ್ ಅಥವಾ ಹಳೆಯ ಪೇಂಟ್ ಮೇಲೆ ಹಚ್ಚುವುದಾದರೆ ನಡುವೆ ಸಿಲಿಕಾದ ತಡೆ ಪದರ ಇದೆಯಾ, ಟೆಸ್ಟ್ ಮಾಡಿದ್ದು ಅದೇ ತಳದ ಮೇಲಾ ಅಥವಾ ಗಾಜಿನ ತುಂಡಿನ ಮೇಲಾ ಅಂತ ನೋಡಿ. ಗಾಜಿನ ಮೇಲೆ ಅಳೆದ ಅಂಕಿ ಹೀರುವ ಗಾರೆಗೆ ಅನ್ವಯಿಸುವುದಿಲ್ಲ, ಅರ್ಧ ಕೋಟಿಂಗ್ ಒಳಗೇ ಇಳಿದುಹೋಗಿರುತ್ತದೆ.

ಎಲ್‌ಇಡಿ ಬೆಳಕಿನ ಕೋಣೆಯ ಗಾಳಿಗೆ, ಇವತ್ತಿನ ಮಟ್ಟಿಗೆ ನಾನು ಯಾವುದನ್ನೂ ಹಾಕುವುದಿಲ್ಲ. ಜನ ಪದೇ ಪದೇ ಮುಟ್ಟುವ ಜಾಗಕ್ಕೆ ತಾಮ್ರ ಸೇರಿದ ಒಳಾಂಗಣ ಕೋಟಿಂಗ್ ಪರವಾಗಿಲ್ಲ, ಕತ್ತಲೆಯ ಲೆಕ್ಕ, ಉಜ್ಜಿದ ಮೇಲಿನ ಲೆಕ್ಕ, ಲೋಹ ಕರಗುವ ಲೆಕ್ಕ ಮೂರೂ ಕೈಯಲ್ಲಿದ್ದರೆ.

ಒಪ್ಪಂದ ಮಾಡುವಾಗ ರಿಪೋರ್ಟಿನ ಬ್ಯಾಚ್, ದಪ್ಪ, ತಳ ನಿಮಗೆ ಕೊಡುವುದಕ್ಕೆ ಸರಿಹೊಂದುತ್ತದೆ ಅಂತ ಬರೆಸಿಕೊಳ್ಳಿ. ಎರಡು ಸರಕನ್ನು ಹೋಲಿಸುವುದಾದರೆ ಒಂದೇ ಲ್ಯಾಬ್‌ನಲ್ಲಿ, ಒಟ್ಟಿಗೆ ಅಳೆಸಿ. ಹಚ್ಚಿಸುವಾಗ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಪಟ್ಟಿ ಖಾಲಿ ಬಿಡಿಸಿ. ಹಚ್ಚಿದ ದಿನ ಎರಡೂ ಕಡೆ ರೆಸಜುರಿನ್ ಇಂಕ್ ಹಾಕಿ, ಪುಟ್ಟ ಯುವಿ ಟಾರ್ಚ್ ಹಿಡಿದು, ಬಣ್ಣ ತಿರುಗಲು ಹಿಡಿದ ಸಮಯ ಬರೆದಿಡಿ. ಟಾರ್ಚ್ ಅದೇ ಇರಲಿ, ದೂರವೂ ಅದೇ ಇರಲಿ. ಆರು ತಿಂಗಳಿಗೊಮ್ಮೆ ಹೀಗೇ ನೋಡಿ. ಸಮಯ ಜಾಸ್ತಿಯಾಗಿದ್ದರೆ ಮೊದಲು ಬರೀ ನೀರಿನಿಂದ ತೊಳೆದು ಒಣಗಿಸಿ ಇನ್ನೊಮ್ಮೆ ನೋಡಿ. ಮೊದಲಿನ ಸಮಯಕ್ಕೆ ಮರಳಿದರೆ ಕೂತಿದ್ದದ್ದು ಕೊಳೆ ಅಥವಾ ನೈಟ್ರೇಟ್, ವರ್ಷಕ್ಕೊಂದೆರಡು ಸಲ ತೊಳೆದರೆ ಸಾಕು. ತೊಳೆದರೂ ಖಾಲಿ ಪಟ್ಟಿಯಷ್ಟೇ ಹೊತ್ತು ಹಿಡಿದರೆ ಅಲ್ಲಿ ಕೋಟಿಂಗ್ ಕೆಲಸ ಮಾಡುತ್ತಿಲ್ಲ, ಗ್ಯಾರಂಟಿ ಅವಧಿ ಮುಗಿಯುವ ಮೊದಲೇ ಆ ಬರೆದಿಟ್ಟ ಸಮಯಗಳನ್ನು ತೋರಿಸಿ ಕೇಳಬಹುದು.